ಲಂಗದ ಒಳಮಡಿಕೆ

ಹೊಲಿಗೆ ಕೆಲಸಕ್ಕೆ ಸೇರುವ ಹುಡುಗಿಯರು ಈಗ ನನ್ನ ಹತ್ತಿರ ಬಂದರೆ ಕೇಳುವ ಮೊದಲ ಮಾತು, ಯಾವ ಕಂಪನಿಯ ಮೆಷಿನ್ ಒಳ್ಳೆಯದು ಎಂಬುದು. ನನಗೆ ಸಿಟ್ಟು ಬರುತ್ತದೆ. ಅದು ಅವರ ಮೇಲಿನ ಸಿಟ್ಟಲ್ಲ ಎಂದು ನನಗೇ ಹೊಳೆಯುವಷ್ಟರಲ್ಲಿ ಅವರು ನಾನು ಕೊಟ್ಟ ಮಜ್ಜಿಗೆ ಕುಡಿದು, ಮುಖ ಮುಖ ನೋಡಿಕೊಂಡು ಎದ್ದು ಹೋಗಿರುತ್ತಾರೆ. ಆಗ ಅವರಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆಯ ಒಂದು ಮಹಿಳಾ ಹೊಲಿಗೆ ಸಂಘಕ್ಕೆ ಸೇರಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಆಗ ನನಗೆ ಮೂವತ್ತು ದಾಟಿತ್ತು. ನಿವೃತ್ತಳಾದದ್ದು ಅದೇ ಸಂಘದ ಮೊಳಕಾಲ್ಮುರು ಶಾಖೆಯಿಂದ. ನಡುವೆ ಏನೇನು ಹುದ್ದೆ ಕೊಟ್ಟರು ಎಂಬುದನ್ನು ಬಿಟ್ಟುಬಿಡುತ್ತೇನೆ. ಹುದ್ದೆಯ ಹೆಸರು ಬದಲಾದರೂ ನಾನು ಕೂರುತ್ತಿದ್ದ ಸ್ಟೂಲು ಬದಲಾಗಲಿಲ್ಲ. ನನ್ನ ಕೆಲಸ ಹೆಮ್ಮಿಂಗ್.

ಹೆಮ್ಮಿಂಗ್ ಎಂದರೆ ಬಟ್ಟೆಯ ಅಂಚನ್ನು ಒಳಗೆ ಮಡಿಚಿ, ಹೊರಗಿನಿಂದ ಒಂದು ಚುಕ್ಕೆಯೂ ಕಾಣದ ಹಾಗೆ ಹೊಲಿಯುವುದು. ಸೂಜಿಯು ಮೇಲುಬಟ್ಟೆಯಲ್ಲಿ ಒಂದೆಳೆಯನ್ನು ಮಾತ್ರ ಎತ್ತಬೇಕು. ಎರಡು ಮೂರು ಎಳೆ ಎತ್ತಿದರೆ ಹೊರಗೆ ಸಣ್ಣ ಗುಳಿ ಬೀಳುತ್ತದೆ. ಎಳೆಯೇ ಸಿಗದೆ ಹೋದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಮಡಿಕೆ ಬಿಚ್ಚಿ ಜೋತುಬೀಳುತ್ತದೆ. ಚೆನ್ನಾಗಿ ಮಾಡಿದರೆ ಯಾರ ಕಣ್ಣಿಗೂ ಬೀಳದ ಕೆಲಸ, ಕಣ್ಣಿಗೆ ಬಿದ್ದರೆ ಬೈಗುಳ ತರುವ ಕೆಲಸ. ಹೊಗಳಿಸಿಕೊಳ್ಳುವ ಆಸೆ ಇದ್ದವರು ಕಸೂತಿ ಕಲಿಯುವುದು ಒಳ್ಳೆಯದು.

ನಮ್ಮ ಕಟಿಂಗ್ ಮಾಸ್ಟರ್ ಖಾಸಿಂ ಸಾಬರು. ಹೆಂಗಸರ ಸಂಘದಲ್ಲಿ ಇದ್ದ ಒಬ್ಬನೇ ಗಂಡಸು ಎಂಬ ಸಂಕೋಚದಿಂದಲೋ ಏನೋ, ತಲೆ ತಗ್ಗಿಸಿಕೊಂಡೇ ಮಾತಾಡುತ್ತಿದ್ದರು. ಆದರೆ ಕೆಲಸದಲ್ಲಿ ಎಳ್ಳಷ್ಟೂ ಬಿಡುತ್ತಿರಲಿಲ್ಲ. ನಾವು ಹೆಮ್ಮಿಂಗ್ ಮಾಡಿಟ್ಟ ಬಟ್ಟೆಯನ್ನು ಮೇಲುಮಗ್ಗುಲಿಗೆ ತಿರುಗಿಸಿ, ಕಣ್ಣು ಮುಚ್ಚಿ, ಹೆಬ್ಬೆರಳ ಉಗುರನ್ನು ಅಂಚಿನುದ್ದಕ್ಕೂ ಎಳೆಯುತ್ತಿದ್ದರು. ಉಗುರು ಎಲ್ಲಾದರೂ ತಡೆದರೆ ಮುಗಿಯಿತು, ಮಾತಿಲ್ಲದೆ ಕತ್ತರಿ ನಮ್ಮ ಮುಂದೆ ಇಡುತ್ತಿದ್ದರು. ಬಿಚ್ಚಿ ಮತ್ತೆ ಮಾಡಬೇಕು ಎಂದರ್ಥ.

ಸೇರಿದ ಹೊಸದರಲ್ಲಿ ನಾನು ಮಾಡಿದ ಅವಾಂತರವನ್ನು ಸಂಘದವರು ಬಹಳ ಕಾಲ ಹೇಳಿಕೊಂಡು ನಕ್ಕರು. ಯಾವುದೋ ಗೌಡರ ಮನೆಯ ಹೆಣ್ಣುಮಗಳ ಲಂಗವನ್ನು ತೊಡೆಯ ಮೇಲೆ ಹರವಿಕೊಂಡು, ಉಸಿರು ಬಿಗಿಹಿಡಿದು ಒಂದೊಂದೇ ಎಳೆ ಎತ್ತಿ ಹೊಲಿದೆ. ಖಾಸಿಂ ಸಾಬರಿಗೆ ತೋರಿಸಲು ಎದ್ದರೆ ಲಂಗವೂ ನನ್ನ ಜೊತೆಗೆ ಎದ್ದಿತು. ಅರ್ಧ ಅಂಚನ್ನು ನನ್ನ ಸೀರೆಗೇ ಸೇರಿಸಿ ಹೊಲಿದಿದ್ದೆ. ಸಾಬರು ಆ ದಿನ ಮಾತ್ರ ತಲೆ ಎತ್ತಿ ನಕ್ಕರು. ನಕ್ಕಾದ ಮೇಲೆ, ಹೊಲಿಗೆ ಚೆನ್ನಾಗಿಯೇ ಬಂದಿದೆ, ಸೀರೆ ಬಿಟ್ಟು ಲಂಗಕ್ಕೆ ಹಾಕಿದರೆ ಸಾಕು ಎಂದರು.

ಓಬಕ್ಕ ನಮ್ಮಲ್ಲಿಗೆ ಬಂದದ್ದು ಅದಾದ ಮರುವರ್ಷವೋ ಏನೋ. ತವರು ಮೊಳಕಾಲ್ಮುರು, ರೇಷ್ಮೆ ಸೀರೆ ನೇಯುವ ಮನೆತನ. ಕೊಟ್ಟದ್ದು ಪರಶುರಾಂಪುರಕ್ಕೆ. ಗಂಡ ಕುರಿ ಸಾಕಿಕೊಂಡಿದ್ದ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಸಿಟ್ಟು ಬಂದಾಗ, ಲೆಕ್ಕ ಹಾಕುವಾಗ ತೆಲುಗು, ಉಳಿದದ್ದಕ್ಕೆಲ್ಲ ಕನ್ನಡ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಅವಳ ಹೆಮ್ಮಿಂಗಿನ ಮೇಲೆ ಸಾಬರು ಉಗುರು ಎಳೆದು ನೋಡಿದ್ದು ಮೊದಲ ವಾರ ಮಾತ್ರ. ಆಮೇಲೆ ಅವಳ ಬಟ್ಟೆಯನ್ನು ನೋಡದೆಯೇ ಇಸ್ತ್ರಿಗೆ ಕಳಿಸುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವಳಿಗೆ ಇದ್ದದ್ದು ಒಬ್ಬಳೇ ಮಗಳು, ಮಂಜುಳಾ. ಚಳ್ಳಕೆರೆಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿಸಿದ ಮೇಲೆ ಅವ್ವ ಮಗಳು ಒಂದೇ ಬಸ್ಸಿಗೆ ಬರುತ್ತಿದ್ದರು. ಶಾಲೆ ಬಿಟ್ಟ ಮೇಲೆ ಹುಡುಗಿ ನಮ್ಮ ಸಂಘದ ಮೆಟ್ಟಿಲ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ಓದಿನಲ್ಲಿ ಚುರುಕು. ಓಬಕ್ಕ ಮಗಳ ಬಗ್ಗೆ ಹೆಚ್ಚು ಮಾತಾಡಿದವಳಲ್ಲ, ಆದರೆ ಒಂದು ದಿನ ಬುತ್ತಿ ಬಿಚ್ಚಿಕೊಂಡು ಕೂತಾಗ ಹೇಳಿದ್ದು ನನಗೆ ನೆನಪಿದೆ.

"ಮಂಜಿ ಎಸ್ಸೆಸ್ಸೆಲ್ಸಿ ಪಾಸಾಗ್ಬೇಕು ಗಿರಿಜಾ. ಆಮೇಲೆ ಓದ್ತಾಳೋ, ಮದುವೆ ಆಗ್ತಾಳೋ, ಅವಳಿಷ್ಟ. ನಮ್ಮವ್ವನ ಕಡೆ, ನಮ್ಮ ಮನೆಯವ್ರ ಕಡೆ, ಒಂದು ಹೆಣ್ಣು ಹತ್ತನೇ ಕ್ಲಾಸು ಮುಗಿಸಿಲ್ಲ. ಇವಳು ಮುಗಿಸಿದ್ರೆ ನಂದೇನೂ ಕೇಳಿಕೆ ಇಲ್ಲ."

ಅವಳು ದೇವರ ಹತ್ತಿರ ಬೇರೆ ಏನನ್ನೂ ಕೇಳಿದ್ದನ್ನು ನಾನು ಕಂಡಿಲ್ಲ.

ಈಗಿನವರಿಗೆ ಒಳಮಡಿಕೆಯ ವಿಷಯ ಹೇಳಬೇಕು. ಆಗ ಹೈಸ್ಕೂಲಿನ ಹುಡುಗಿಯರಿಗೆ ನೀಲಿ ಲಂಗ, ಬಿಳಿ ದಾವಣಿ. ಎಂಟನೇ ತರಗತಿಗೆ ಸೇರುವಾಗ ಹೊಲಿಸಿದ ಲಂಗ ಹತ್ತನೆಯದು ಮುಗಿಯುವವರೆಗೆ ಬಾಳಬೇಕು. ಆ ವಯಸ್ಸಿನ ಹುಡುಗಿಯರು ಬೇಸಿಗೆ ರಜೆಯಲ್ಲೇ ಎತ್ತರವಾಗಿಬಿಡುತ್ತಾರೆ. ಅದಕ್ಕೆ ಲಂಗದ ಅಂಚಿನಲ್ಲಿ ಅಂಗೈ ಅಗಲದ ಬಟ್ಟೆಯನ್ನು ಒಳಗೆ ಮಡಿಚಿ ಹೆಮ್ಮಿಂಗ್ ಮಾಡುತ್ತಿದ್ದೆವು. ಜೂನಿನಲ್ಲಿ ಶಾಲೆ ತೆರೆಯುವ ವಾರ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಹುಡುಗಿಯನ್ನು ಬೆಂಚಿನ ಮೇಲೆ ನಿಲ್ಲಿಸಿ, ಮಡಿಕೆಯನ್ನು ಬೇಕಾದಷ್ಟು ಇಳಿಸಿ, ಮತ್ತೆ ಹೊಲಿದು ಕೊಡುವುದು. ಹಳೆಯ ಮಡಿಕೆ ಇದ್ದ ಜಾಗದಲ್ಲಿ ಒಂದು ಗೆರೆ ಉಳಿಯುತ್ತಿತ್ತು. ಒಂದು ಗೆರೆ ಇದ್ದರೆ ಒಂಬತ್ತನೆಯದು, ಎರಡಿದ್ದರೆ ಹತ್ತನೆಯದು ಎಂದು ದಾರಿಯಲ್ಲಿ ಹೋಗುವ ಹುಡುಗಿಯರನ್ನು ನೋಡಿಯೇ ಹೇಳಬಹುದಿತ್ತು. ಓಬಕ್ಕ ಹೊಲಿದ ಮಡಿಕೆಯಲ್ಲಿ ಮಗ್ಗುಲಿಗೆ ಒಂದು ಗಂಟಿನ ಬಾಲ ಇರುತ್ತಿತ್ತು. ಅದನ್ನು ಕತ್ತರಿಸಿ ಎಳೆದರೆ ದಾರ ಪೂರ್ತಿ ಬಿಚ್ಚಿ ಬರುತ್ತಿತ್ತು. ತಳಕಿನಿಂದ, ಪರಶುರಾಂಪುರದಿಂದ ಬಸ್ಸಿನ ಖರ್ಚು ಮಾಡಿಕೊಂಡು ಬರಲಾಗದ ತಾಯಂದಿರು ಮನೆಯಲ್ಲೇ ಇಳಿಸಿಕೊಳ್ಳಲಿ ಎಂದು ಅವಳೇ ಕಂಡುಕೊಂಡ ಉಪಾಯ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮಲ್ಲಿಗೆ ಬಟ್ಟೆಯ ಅಂಚನ್ನು ಸವರಿ ದಾರ ಸುತ್ತುವ ಓವರ್‌ಲಾಕ್ ಮೆಷಿನ್ ಬಂತು. ತಂದವರು ಸಂಘದ ಕಾರ್ಯದರ್ಶಿಯ ಗಂಡ ಚನ್ನಬಸಪ್ಪನವರು. ಶೇಂಗಾ ವ್ಯಾಪಾರ ಮಾಡಿ ಅನುಕೂಲವಾಗಿದ್ದವರು, ಹೆಂಡತಿಯ ಹೆಸರಿನಲ್ಲಿ ಸಂಘದ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ. ನಮ್ಮ ಬೆನ್ನುನೋವು, ಕಣ್ಣುನೋವು ನೋಡಲಾಗದೆಯೇ ಬೆಂಗಳೂರಿಗೆ ಹೋಗಿ ಆ ಮೆಷಿನ್ ತಂದರು ಎಂಬುದನ್ನು ನಾನು ಮರೆತಿಲ್ಲ. ಜೊತೆಗೆ ಒಂದು ಪುಟ್ಟ ಡಬ್ಬಿಯಲ್ಲಿ, ಸೂಜಿಯ ಕೆಳಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಒಂದು ಪಾದ ಇತ್ತು. ಮೆಷಿನ್ನಿನ ಮಾಮೂಲಿ ಪಾದ ಬಿಚ್ಚಿ ಇದನ್ನು ಸಿಕ್ಕಿಸಿದರೆ ಹೆಮ್ಮಿಂಗ್ ಕೂಡ ಮೆಷಿನ್ನಿನಲ್ಲೇ ಆಗುತ್ತದೆ ಎಂದರು. ನಾವು ನಂಬಲಿಲ್ಲ.

ದಾವಣಗೆರೆಯಿಂದ ಒಬ್ಬ ಮೆಕ್ಯಾನಿಕ್ ಬಂದು ಒಂದು ದಿನ ಕಲಿಸಿ ಹೋದ. ಅಂಚನ್ನು ಒಳಗೆ ಮಡಿಚುವುದು, ಆಮೇಲೆ ಆ ಮಡಿಕೆಯನ್ನೇ ಹೊರಮಗ್ಗುಲಿಗೆ ಹಿಂದಕ್ಕೆ ಮಡಿಚುವುದು, ಕೊನೆಯ ಅಂಚು ಕಿರುಬೆರಳ ಉಗುರಿನಷ್ಟು ಮಾತ್ರ ಆಚೆ ಚಾಚಿರುವ ಹಾಗೆ. ಪಾದದಲ್ಲಿ ಒಂದು ಸಣ್ಣ ತಗಡಿನ ಗೋಡೆ ಇರುತ್ತದೆ. ಮಡಿಕೆಯ ಏಣು, ಅಂದರೆ ಮಡಿಚಿದ ತುದಿ, ಆ ಗೋಡೆಗೆ ತಾಗಿಕೊಂಡೇ ಹೋಗಬೇಕು. ಸರಿಯಾಗಿ ಹೋದರೆ ಸೂಜಿ ಏಣಿನ ಒಂದೆಳೆಯನ್ನು ಕಚ್ಚಿ ಬಿಡುತ್ತದೆ, ಪಕ್ಕದ ಅಲಗು ಚಾಚಿದ ಅಂಚನ್ನು ಸವರಿ ಹಾಕುತ್ತದೆ, ಮೂರು ದಾರ ಸೇರಿ ಅದನ್ನು ಸುತ್ತುತ್ತವೆ. ಬಿಡಿಸಿ ನೋಡಿದರೆ ಹೊರಗೆ ಏನೂ ಕಾಣುವುದಿಲ್ಲ. ಮೊದಲ ಸಲ ಹಾಗೆ ಬಂದಾಗ ಖಾಸಿಂ ಸಾಬರು ಉಗುರು ಎಳೆದು ನೋಡಿ, ಹೊರಗೆ ಹೋಗಿ ಬೀಡಿ ಹಚ್ಚಿಕೊಂಡರು.

ಸರಿಯಾಗಿ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಮೆಕ್ಯಾನಿಕ್ ಹೇಳಿರಲಿಲ್ಲ. ಅದನ್ನು ಕಲಿಸಿದ್ದು ತಳಕಿನ ಒಬ್ಬ ಮೇಷ್ಟ್ರ ಪ್ಯಾಂಟು. ತಮ್ಮನ ಮದುವೆಗೆಂದು ಹೊಲಿಸಿದ ಒಳ್ಳೆಯ ಬಟ್ಟೆ. ನಾನು ಹೊಲಿಯುವಾಗ ಬಟ್ಟೆ ಕೂದಲೆಳೆಯಷ್ಟು ಒಳಗೆ ಸರಿಯಿತು. ಅಲಗು ಮಡಿಕೆಯ ಏಣನ್ನೇ ಕತ್ತರಿಸಿತು. ಬಿಡಿಸಿದರೆ ಕಾಲಿನ ಮುಂಭಾಗದಲ್ಲಿ ಅಡ್ಡಕ್ಕೆ ಕಿಂಡಿ. ನನಗೆ ಅಳುವೇ ಬಂತು. ಖಾಸಿಂ ಸಾಬರು ಎರಡೂ ಕಾಲನ್ನು ಹೊರಕ್ಕೆ ಮಡಿಚಿ ಪಟ್ಟಿ ಕೂರಿಸಿದರು. ಕಿಂಡಿ ಪಟ್ಟಿಯೊಳಗೆ ಅಡಗಿತು. ಮೇಷ್ಟ್ರಿಗೆ ಏನು ಹೇಳುವುದು ಎಂದು ನಾನು ಯೋಚಿಸುತ್ತಿದ್ದರೆ ಅವರು ಕನ್ನಡಿಯ ಮುಂದೆ ಹಿಂದೆ ಮುಂದೆ ತಿರುಗಿ, ಇದು ಯಾವ ಹೊಸ ಫ್ಯಾಷನ್ನು ಎಂದು ಕೇಳಿದರು. ತಿಂಗಳೊಳಗೆ ತಮ್ಮ ಹಳೆಯ ಪ್ಯಾಂಟುಗಳನ್ನೂ ತಂದು, ಇವಕ್ಕೂ ಹಾಗೇ ಪಟ್ಟಿ ಮಡಿಚಿಕೊಡಿ ಎಂದರು.

ಆಮೇಲೆ ಕರೆಂಟು. ಅಂಚಿನ ನಡುವೆ ಕರೆಂಟು ಹೋದರೆ, ಬಂದ ಮೇಲೆ ಮುಂದುವರಿಸಿದ ಜಾಗದಲ್ಲಿ ಗಂಟು ಉಳಿಯುತ್ತಿತ್ತು. ಬೇಸಿಗೆಯಲ್ಲಿ ದಿನಕ್ಕೆ ಎಷ್ಟೋ ಹೊತ್ತು ಕರೆಂಟು ಇರುತ್ತಿರಲಿಲ್ಲ. ಆಗೆಲ್ಲ ಓಬಕ್ಕ ತನ್ನ ಸೂಜಿ ತೆಗೆದು ಉಳಿದರ್ಧ ಮುಗಿಸುತ್ತಿದ್ದಳು. ಮೆಷಿನ್ನಿನ ಅರ್ಧ ಎಲ್ಲಿ ಮುಗಿಯಿತು, ಅವಳ ಅರ್ಧ ಎಲ್ಲಿ ಶುರುವಾಯಿತು ಎಂದು ಒಳಮಗ್ಗುಲು ನೋಡದೆ ಹೇಳುವುದು ಸಾಧ್ಯವಿರಲಿಲ್ಲ. ರೇಷ್ಮೆಯನ್ನು ಮಾತ್ರ ಅವಳು ಮೆಷಿನ್ನಿನ ಹತ್ತಿರ ತರಲು ಬಿಡಲಿಲ್ಲ. ಮೊಳಕಾಲ್ಮುರಿನಿಂದ ಬಂದ ಒಂದು ಪಟ್ಟು ಲಂಗವನ್ನು ನಾನು ಪಾದದ ಕೆಳಗೆ ಇಡಲು ಹೋದಾಗ "ಪಟ್ಟುಕಿ ಮಿಷನ್ ವದ್ದಮ್ಮಾ" ಎಂದು ಕೈಯಿಂದ ಕಸಿದುಕೊಂಡಳು. ಜರಿ ಇರುವ ಬಟ್ಟೆ ಜಾರುತ್ತದೆ, ಅಲಗಿಗೆ ಸಿಗುತ್ತದೆ ಎಂಬುದು ಅವಳಿಗೆ ನೋಡಿದ ತಕ್ಷಣ ಗೊತ್ತಾಗಿತ್ತು.

ಹೈಸ್ಕೂಲಿನ ಸಮವಸ್ತ್ರದ ಕೆಲಸ ಪೂರ್ತಿಯಾಗಿ ನಮಗೆ ಸಿಕ್ಕಿದ್ದು ಮೆಷಿನ್ ಬಂದ ಮರು ಬೇಸಿಗೆ. ಎಂಟನೇ ತರಗತಿಗೆ ಸೇರುವ ಅಷ್ಟೂ ಹುಡುಗಿಯರ ಲಂಗ. ಆ ಸಲ ಸೇರುವವರಲ್ಲಿ ಮಂಜುಳಾ ಕೂಡ ಇದ್ದಳು. ಖಾಸಿಂ ಸಾಬರು ಎಂದಿನಂತೆ ಅಂಗೈ ಅಗಲ ಹೆಚ್ಚು ಬಟ್ಟೆ ಬಿಟ್ಟು ಕತ್ತರಿಸಿ ರಾಶಿ ಹಾಕಿದರು. ಆ ಲಂಗ ಸೊಂಟದಿಂದ ಕೆಳಗೆ ಬರುತ್ತ ಅಗಲವಾಗುತ್ತಿತ್ತು. ಅಂಥ ಅಂಚನ್ನು ಅಗಲಕ್ಕೆ ಮಡಿಚಿದರೆ ಒಳಗಿನ ಬಟ್ಟೆ ಹೆಚ್ಚಾಗುತ್ತದೆ. ಕೈಯಲ್ಲಿ ಹೊಲಿಯುವವರು ಅಲ್ಲಲ್ಲಿ ಕಾಣದ ಹಾಗೆ ಸಣ್ಣ ನೆರಿಗೆ ಹಿಡಿದು ಸರಿದೂಗಿಸುತ್ತಾರೆ. ಮೆಷಿನ್ನಿಗೆ ಅದು ಬಾರದು. ನಾನು ಹಾಕಿ ನೋಡಿದರೆ ಅಂಚೆಲ್ಲ ಸೊಟ್ಟಗೆ ಮುದುಡಿಕೊಂಡಿತು.

ಸಾಬರು ಇವನ್ನು ಕೈಯಲ್ಲೇ ಮಾಡಿಸೋಣ ಎಂದರು. ಶಾಲೆ ತೆರೆಯಲು ದಿನ ಹತ್ತಿರ ಬಂದಿತ್ತು, ಅಷ್ಟೊಂದು ಲಂಗ ಕೈಯಲ್ಲಿ ಮುಗಿಯುವುದಿಲ್ಲ ಎಂದು ಚನ್ನಬಸಪ್ಪನವರು ಹೇಳಿದರು. ಒಂದು ಲಂಗದ ಅಂಚನ್ನು ತಾವೇ ಹಿಡಿದು ನೋಡಿ, ಹೆಚ್ಚಿನ ಬಟ್ಟೆ ತೆಗೆದುಬಿಟ್ಟು ಒಂದಿಂಚು ಮಡಿಚಿದರೆ ಮೆಷಿನ್ ಓಡುತ್ತದೆಯೇ ಎಂದು ನನ್ನನ್ನು ಕೇಳಿದರು. ಓಡುತ್ತದೆ ಎಂದೆ. ಓಡುತ್ತಿತ್ತು, ಅದು ನಿಜ. ಮಾಡಿ ತೋರಿಸಿದಾಗ ಅಂಚು ಎಷ್ಟು ಚಂದವಾಗಿ ಬಂತೆಂದರೆ ಎಲ್ಲರೂ ಕೈಯಲ್ಲಿ ಹಿಡಿದು ನೋಡಿದರು. ಬರುವ ವರ್ಷ ಹುಡುಗಿಯರು ಬೆಳೆದರೆ ಏನು ಮಾಡುವುದು ಎಂದು ಕೇಳಿದ್ದು ಓಬಕ್ಕ ಒಬ್ಬಳೇ. ಬರುವ ವರ್ಷ ಶಾಲೆಯವರಿಗೆ ಹೇಳಿ ಹೊಸದನ್ನೇ ಕೊಡಿಸೋಣ ಎಂದು ಚನ್ನಬಸಪ್ಪನವರು ಮನಸಾರೆ ಹೇಳಿದರು. ಖಾಸಿಂ ಸಾಬರು ರಾಶಿ ರಾಶಿಯಾಗಿ ಲಂಗಗಳ ಕೆಳಗಿನ ಬಟ್ಟೆಯನ್ನು ಕತ್ತರಿಸಿ ಹಾಕಿದರು. ನಮ್ಮಲ್ಲಿ ಉಳಿದ ಚಿಂದಿಯನ್ನು ಮೂಟೆ ಕಟ್ಟಿ ಎಣ್ಣೆ ಮಿಲ್ಲಿಗೆ ಕೊಡುವ ರೂಢಿ ಇತ್ತು, ಅಲ್ಲಿ ಮೆಷಿನ್ ಒರೆಸಲು ಬೇಕಾಗುತ್ತಿತ್ತು. ನೀಲಿ ಪಟ್ಟಿಗಳೂ ಆ ಮೂಟೆಗೇ ಹೋದವು.

ಓಬಕ್ಕ ಮಗಳ ಲಂಗವನ್ನು ರಾಶಿಯಿಂದ ಬೇರೆ ತೆಗೆದಿಟ್ಟಿದ್ದಳು, ಅಂಗೈ ಅಗಲ ಮಡಿಚಿ ತಾನೇ ಹೊಲಿಯುತ್ತೇನೆ ಎಂದು. ರಜೆಯಲ್ಲಿ ಅವ್ವನ ಜೊತೆ ಬಂದು ಮೆಟ್ಟಿಲ ಮೇಲೆ ಕೂತಿದ್ದ ಮಂಜುಳಾ ಸಂಜೆ ಒಳಗೆ ಬಂದು ಅದನ್ನು ನೋಡಿದಳು. ಪಕ್ಕದಲ್ಲಿ ಮೆಷಿನ್ನಿನಿಂದ ಆಗಷ್ಟೇ ಇಳಿದ ಲಂಗಗಳಿದ್ದವು. ಅವ್ವ ಮಡಿಚಿಟ್ಟದ್ದರಲ್ಲಿ ದಪ್ಪ ಮಡಿಕೆ, ಇವುಗಳಲ್ಲಿ ತೆಳ್ಳನೆಯ ಅಂಚು.

"ನನಗೂ ಎಲ್ರ ಹಂಗೆ ಇರ್ಲಿ ಅವ್ವ," ಎಂದಳು. "ದಪ್ಪ ಮಡಿಕೆ ಇದ್ರೆ ಇವಳಿಗೆ ಇದೊಂದೇ ಲಂಗ ಅಂತ ನೋಡಿದೋರ್ಗೆಲ್ಲ ಗೊತ್ತಾಗ್ತೈತೆ."

ಓಬಕ್ಕ ಮಡಿಕೆಗೆ ಚುಚ್ಚಿದ್ದ ಸೂಜಿ ತೆಗೆದಳು. ಆಮೇಲೆ ಲಂಗವನ್ನು ನನ್ನ ಕೈಗೆ ಕೊಟ್ಟಳು. ಅದರ ಹೆಚ್ಚಿನ ಬಟ್ಟೆ ಕತ್ತರಿಸಿ ಹೊಲಿದವಳು ನಾನು. ಶಾಲೆ ತೆರೆದ ದಿನ ಹುಡುಗಿಯರು ಸಾಲಾಗಿ ಬೀದಿಯಲ್ಲಿ ಹೋದಾಗ ನಾವೆಲ್ಲ ಬಾಗಿಲಿಗೆ ಬಂದು ನೋಡಿದೆವು. ಹೆಡ್‌ಮೇಡಂ ಹೇಳಿಕಳಿಸಿದ್ದರು, ಇಷ್ಟು ನೀಟಾದ ಹೊಲಿಗೆ ಈ ಊರಲ್ಲಿ ಕಂಡಿಲ್ಲ ಎಂದು.

ಮುಂದಿನ ಜೂನಿನಲ್ಲಿ ತಾಯಂದಿರು ರೂಢಿಯಂತೆ ಮಕ್ಕಳನ್ನು ಕರೆದುಕೊಂಡು ಬಂದರು. ಬೆಂಚಿನ ಮೇಲೆ ನಿಂತ ಹುಡುಗಿಯರ ಲಂಗ ಮೀನಖಂಡದವರೆಗೆ ಏರಿತ್ತು. ತಿರುಗಿಸಿ ನೋಡಿದರೆ ಒಳಗೆ ಒಂದಿಂಚು ಬಟ್ಟೆ. ಇಳಿಸುವುದು ಏನನ್ನು? ಶಾಲೆಯವರು ಹೊಸದು ಕೊಡಿಸುವ ಮಾತು ಹೆಡ್‌ಮೇಡಂ ವರ್ಗವಾಗಿ ಹೋದದ್ದರಿಂದ ಅಲ್ಲಿಗೇ ನಿಂತಿತ್ತು. ಚನ್ನಬಸಪ್ಪನವರು ಒಬ್ಬೊಬ್ಬ ತಾಯಿಯ ಮುಂದೆಯೂ ಕೈ ಮುಗಿದು, ಪಟ್ಟಿ ಸೇರಿಸಿಕೊಡುತ್ತೇವೆ ಎಂದು ಸಮಾಧಾನ ಹೇಳಿದರು. ಅದೇ ನೀಲಿ ಪೇಟೆಯಲ್ಲಿ ಸಿಗಲಿಲ್ಲ. ಸಿಕ್ಕ ನೀಲಿಯಲ್ಲಿ ಪಟ್ಟಿ ಹಾಕಿಕೊಟ್ಟೆವು. ದೂರದಿಂದಲೇ ಎರಡು ಬಣ್ಣ ಕಾಣುತ್ತಿತ್ತು. ಬಹುಪಾಲು ಹುಡುಗಿಯರು ಅದನ್ನೇ ಉಟ್ಟು ಹೋದರು, ನಾಲ್ಕು ದಿನದಲ್ಲಿ ರೂಢಿಯಾಯಿತು. ಕೆಲವು ಮನೆಗಳಲ್ಲಿ ಹುಡುಗಿಯರ ಶಾಲೆ ಬಿಡಿಸಿಯೂ ಬಿಟ್ಟರು. ಅವರ ಹೆಸರು ನಮಗೆ ಗೊತ್ತಾಗಲಿಲ್ಲ, ಗೊತ್ತುಮಾಡಿಕೊಳ್ಳುವ ಧೈರ್ಯವೂ ನಮಗಿರಲಿಲ್ಲ.

ಓಬಕ್ಕನಿಗೆ ಬೇರೆ ನೀಲಿ ಒಪ್ಪಿಗೆಯಾಗಲಿಲ್ಲ. ಜೀವಮಾನವೆಲ್ಲ ಕಾಣದ ಹಾಗೆ ಹೊಲಿದವಳು, ಮಗಳ ಕಾಲ ಬಳಿ ಕಾಣುವಂಥ ಪಟ್ಟಿ ಹಾಕಲು ಅವಳ ಕೈ ಬರಲಿಲ್ಲ. ಒಂದು ಮಧ್ಯಾಹ್ನ ನನ್ನನ್ನು ಎಬ್ಬಿಸಿಕೊಂಡು ಎಣ್ಣೆ ಮಿಲ್ಲಿಗೆ ಹೋದಳು. ಕಳೆದ ವರ್ಷ ಕೊಟ್ಟ ಚಿಂದಿಯಲ್ಲಿ ಏನಾದರೂ ಉಳಿದಿದೆಯೇ ನೋಡುತ್ತೇವೆ ಎಂದರೆ ಅಲ್ಲಿನ ರೈಟರ್ ನಮ್ಮನ್ನು ವಿಚಿತ್ರವಾಗಿ ನೋಡಿದರೂ ಒಳಗೆ ಬಿಟ್ಟ. ಹಿಂಡಿಯ ರಾಶಿಯ ಹಿಂದೆ ಒಂದು ಮೂಟೆ ಇತ್ತು. ಇಬ್ಬರೂ ಅದನ್ನು ನೆಲಕ್ಕೆ ಸುರಿದು ಹುಡುಕಿದೆವು. ನೀಲಿ ಪಟ್ಟಿಗಳು ಸಿಕ್ಕವು. ಎಲ್ಲವೂ ಒಂದಲ್ಲ ಒಂದು ಸಲ ಮೆಷಿನ್ ಒರೆಸಿ ಬಂದವು, ಎಣ್ಣೆ ಕುಡಿದು ಕಪ್ಪಾಗಿದ್ದವು. ಓಬಕ್ಕ ಅವುಗಳಲ್ಲಿ ಹರಿಯದೆ ಇದ್ದವನ್ನು ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

ಅವನ್ನು ಅವಳು ಒಗೆದ ಪರಿಯನ್ನು ಏನು ಹೇಳಲಿ. ಚೌಳು ಮಣ್ಣು ಹಾಕಿ ಕುದಿಸಿದಳು, ಅಂಟುವಾಳದಲ್ಲಿ ನೆನೆಸಿದಳು, ಸೋಡಾ ಹಾಕಿದಳು, ಬಿಸಿಲಿಗೆ ಹರವಿದಳು, ಮತ್ತೆ ಕುದಿಸಿದಳು. ಕಪ್ಪು ಹೋಗಿ ನೀಲಿ ಹಿಂದಕ್ಕೆ ಬಂತು. ವರ್ಷವೆಲ್ಲ ಒಗೆದ ಲಂಗದ ಬಣ್ಣಕ್ಕೂ ಇದಕ್ಕೂ ಒಂದಿಷ್ಟೂ ಭೇದ ಇರಲಿಲ್ಲ. ಅದನ್ನು ಮಗಳ ಲಂಗಕ್ಕೆ ಅವಳು ಸೇರಿಸಿ ಹೊಲಿದದ್ದನ್ನು ಖಾಸಿಂ ಸಾಬರು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಉಗುರು ಎಳೆದು, ಜೋಡಣೆ ಎಲ್ಲಿದೆ ತೋರಿಸು ತಾಯಿ ಎಂದು ಕೇಳಿದರು. ನಾನು ಕಂಡ ಹೊಲಿಗೆಗಳಲ್ಲಿ ಅದಕ್ಕಿಂತ ಮೇಲಿನದು ಇಲ್ಲ. ಆದರೆ ಬಟ್ಟೆಯನ್ನು ಮುಖದ ಹತ್ತಿರ ತಂದರೆ ಹಳೆಯ ಶೇಂಗಾ ಎಣ್ಣೆಯ ಕಮಟು ಇನ್ನೂ ಇತ್ತು.

ಮಂಜುಳಾ ಆ ಲಂಗ ಉಟ್ಟು ಶಾಲೆಗೆ ಹೋದಳು. ಮಳೆಗಾಲ ಮುಗಿಯುವ ಹೊತ್ತಿಗೆ ಹೋಗುವುದನ್ನು ನಿಲ್ಲಿಸಿದಳು. ಯಾಕೆ ಎಂದರೆ ಹೇಳಲಿಲ್ಲ. ಅಪ್ಪ ಬೈದ, ಅವ್ವ ಬೇಡಿಕೊಂಡಳು. ಹೋಗಲ್ಲ ಎಂಬುದೊಂದೇ ಮಾತು. ಹುಡುಗಿಯರು ಎಣ್ಣೆಯ ವಾಸನೆಗೆ ಆಡಿಕೊಂಡಿರಬೇಕು ಎಂದು ನಾವೆಲ್ಲ ಅಂದುಕೊಂಡೆವು. ಓಬಕ್ಕ ಶಾಲೆಯ ಬಾಗಿಲಲ್ಲಿ ನಿಂತು ಬರುವ ಹೋಗುವ ಹುಡುಗಿಯರ ಮುಖ ನೋಡುತ್ತಿದ್ದಳು, ಯಾರು ಆಡಿಕೊಂಡವಳು ಎಂದು ಮುಖ ನೋಡಿ ಗೊತ್ತಾಗುತ್ತದೆಯೇನೋ ಎಂಬಂತೆ. ವಿಷಯ ಚನ್ನಬಸಪ್ಪನವರ ಕಿವಿಗೆ ಬಿದ್ದದ್ದು ತಡವಾಗಿ. ಅವರೇ ಹೊಸ ಬಟ್ಟೆ ತಂದು ಪರಶುರಾಂಪುರದವರೆಗೂ ಹೋಗಿ ಕೊಟ್ಟರು. ಅಷ್ಟರಲ್ಲಿ ಹುಡುಗಿಯನ್ನು ಮೊಳಕಾಲ್ಮುರಿಗೆ, ಅಜ್ಜಿಯ ಮನೆಗೆ ಕಳಿಸಿಯಾಗಿತ್ತು.

ಮುಂದಿನ ವರ್ಷದಿಂದ ನಾವು ಒಳಮಡಿಕೆ ಬಿಡದೆ ಯಾವ ಲಂಗವನ್ನೂ ಹೊಲಿಯಲಿಲ್ಲ. ಮೆಷಿನ್ನಿನಲ್ಲೇ ಅದನ್ನು ಮಾಡುವ ದಾರಿಯೂ ಸಿಕ್ಕಿತು. ಹೆಚ್ಚಿನ ಬಟ್ಟೆಯನ್ನು ಅಂಚಿನಲ್ಲಿ ಮಡಿಚುವ ಬದಲು, ಸ್ವಲ್ಪ ಮೇಲೆ ಒಳಗಡೆ ಎರಡು ಮೂರು ಸಣ್ಣ ಪಟ್ಟಿಗಳಾಗಿ ಹಿಡಿದು ಉದ್ದ ಹೊಲಿಗೆ ಹಾಕುವುದು, ಕೆಳಗಿನ ಅಂಚಿಗೆ ಮಾತ್ರ ಓವರ್‌ಲಾಕ್ ಪಾದ ಹಾಕುವುದು. ಬೇಕಾದಾಗ ಒಂದೊಂದೇ ಪಟ್ಟಿ ಬಿಚ್ಚಿಕೊಂಡರಾಯಿತು. ನೀವು ಈಗಲೂ ಹೀಗೆ ಮಾಡಬಹುದು, ಕಷ್ಟವೇನಿಲ್ಲ. ಇಷ್ಟು ಸುಲಭವಾದದ್ದು ಒಂದು ವರ್ಷ ಮೊದಲೇ ನಮ್ಮ ಯಾರ ತಲೆಗೂ ಹೊಳೆಯಲಿಲ್ಲವಲ್ಲ ಎಂದು ನನಗೆ ಈಗಲೂ ಸಂಕಟವಾಗುತ್ತದೆ. ಓಬಕ್ಕ ಆ ಪಟ್ಟಿಗಳನ್ನು ಎಷ್ಟೋ ವರ್ಷ ಬೇರೆಯವರ ಮಕ್ಕಳಿಗೆ ಹಿಡಿದುಕೊಟ್ಟಳು. ಯಾರನ್ನೂ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ನನ್ನನ್ನು ಮೊಳಕಾಲ್ಮುರು ಶಾಖೆಗೆ ಹಾಕಿದರು. ಅಲ್ಲಿ ಸೀರೆಗೆ ಫಾಲ್ ಹೊಲಿಯುವ ಕೆಲಸವೇ ಹೆಚ್ಚು. ಒಂದು ದಿನ ಬಾಗಿಲಲ್ಲಿ ಸೀರೆಗಳ ಗಂಟು ಹೊತ್ತು ನಿಂತವಳನ್ನು ಮೊದಲು ಗುರುತಿಸಲಿಲ್ಲ. "ಚಿಕ್ಕಮ್ಮ, ನಾನು ಮಂಜಿ," ಎಂದಳು. ಮದುವೆಯಾಗಿತ್ತು, ಸೋದರಮಾವನ ಮನೆಯಲ್ಲೇ ಮಗ್ಗ. ಸೀರೆ ನೇಯುವುದರಲ್ಲಿ ಅಜ್ಜಿಯನ್ನೂ ಮೀರಿಸಿದ್ದಾಳೆ ಎಂದು ಆಮೇಲೆ ಬೇರೆಯವರಿಂದ ಕೇಳಿದೆ. ಅವಳನ್ನು ಕೂರಿಸಿ ಚಹಾ ತರಿಸಿದೆ. ಎಷ್ಟೋ ಹೊತ್ತು ಅದೂ ಇದೂ ಮಾತಾಡಿದ ಮೇಲೆ, ಕೇಳಬಾರದು ಅಂದುಕೊಂಡದ್ದನ್ನೇ ಕೇಳಿಬಿಟ್ಟೆ. ಆವತ್ತು ನಿನ್ನನ್ನು ಆಡಿಕೊಂಡವರು ಯಾರು ಎಂದೆ.

ಅವಳು ಲೋಟ ಕೆಳಗಿಟ್ಟಳು.

"ಯಾರೂ ಆಡ್ಕೊಳ್ಲಿಲ್ಲ ಚಿಕ್ಕಮ್ಮ. ಚಳ್ಳಕೆರೆ ತುಂಬ ಎಣ್ಣೆ ಮಿಲ್ಲು, ಎಲ್ರ ಬಟ್ಟೇನೂ ಎಣ್ಣೆ ವಾಸ್ನೇನೇ. ಯಾರ್ಗೂ ಗೊತ್ತೇ ಆಗ್ಲಿಲ್ಲ."

ಮತ್ತೆ ಯಾಕೆ ಬಿಟ್ಟೆ ಎಂದೆ.

"ದಿನಾ ಬೆಳಿಗ್ಗೆ ಬಸ್ಸಿಗೆ ಹೊರಡೋ ಹೊತ್ನಾಗೆ ನನ್ನ ನಿಲ್ಸಿ, ಅವ್ವ ನೆಲಕ್ಕೆ ಬಗ್ಗಿ, ನನ್ನ ಕಾಲತ್ರ ಮುಖ ಇಟ್ಟು ಆ ಪಟ್ಟಿ ಮೂಸಿ ನೋಡೋಳು. ಒಂದು ದಿನಾನೂ ಬಿಡ್ಲಿಲ್ಲ. ಮಡಿಕೆ ಬ್ಯಾಡ ಅಂದೋಳು ನಾನು. ಅವ್ವ ನನ್ನ ಕಾಲತ್ರ ಬಗ್ಗೋದನ್ನ ನೋಡಕ್ಕಾಗ್ಲಿಲ್ಲ ನಂಗೆ."

ಹೊಸ ಲಂಗ ಬಂದಿತ್ತಲ್ಲ ಎಂದೆ. ಅಷ್ಟೊತ್ತಿಗೆ ಅಟೆಂಡೆನ್ಸ್ ಹೋಗಿತ್ತು, ಕೈಗೆ ಮಗ್ಗದ ಲಾಳಿ ಬಂದಿತ್ತು ಎಂದಳು. ಗಂಟು ಬಿಚ್ಚಿ ಸೀರೆಗಳನ್ನು ನನ್ನ ಮುಂದಿಟ್ಟು, ಹಬ್ಬದೊಳಗೆ ಫಾಲ್ ಆಗಬೇಕು, ಕೈಹೊಲಿಗೆಯೇ ಇರಲಿ ಎಂದಳು. ಹೊರಡುವಾಗ, ಇದನ್ನು ಅವ್ವನಿಗೆ ಹೇಳಬೇಡ ಎಂದಳು.

ಓಬಕ್ಕ ಈಗ ಪರಶುರಾಂಪುರದ ಮನೆಯಲ್ಲಿ ಇದ್ದಾಳೆ. ಕಣ್ಣು ಮಂಜಾಗಿದೆ, ಸೂಜಿ ಬಿಟ್ಟಿದ್ದಾಳೆ. ವರ್ಷಕ್ಕೆ ಒಂದೆರಡು ಸಲ ಹೋಗಿ ನೋಡಿಕೊಂಡು ಬರುತ್ತೇನೆ. ರೊಟ್ಟಿ ತಿನ್ನಿಸದೆ ಕಳಿಸುವುದಿಲ್ಲ. ಊಟವಾಗಿ ಎಲೆ ಅಡಿಕೆ ಹಾಕಿಕೊಂಡ ಮೇಲೆ ಪ್ರತಿ ಸಲವೂ ಅದೇ ಮಾತಿಗೆ ಬರುತ್ತಾಳೆ. ನೀನು ಮೊಳಕಾಲ್ಮುರಿನಲ್ಲಿ ಇದ್ದೆಯಲ್ಲ, ಮಂಜಿ ನಿನಗೇನಾದರೂ ಹೇಳಿದಳಾ, ಆಡಿಕೊಂಡದ್ದು ಯಾರ ಮಗಳಂತೆ ಎಂದು ಕೇಳುತ್ತಾಳೆ. ಹೇಳಲಿಲ್ಲ ಓಬಕ್ಕ, ನಾನೂ ಕೇಳಲಿಲ್ಲ ಎನ್ನುತ್ತೇನೆ.